ಕಮಲಾಪುರದ ಕೆರೆ ಏರಿಯ ಮೇಲೆ

ಹಂಪೆಗೆ ಹೊರಟೆನೆಂದರೆ ಕೇಳಿದವರ ಮುಖ ಅರಳುತ್ತದೆ. "ವಿರೂಪಾಕ್ಷನಿಗೆ ನಮ್ಮದೂ ಒಂದು ನಮಸ್ಕಾರ ಹೇಳಿ" ಎನ್ನುವರು ಕೆಲವರು. "ಕಲ್ಲಿನ ರಥದ ಮುಂದೆ ನಿಂತು ಒಂದು ಚಿತ್ರ ತೆಗೆಸಿಕೊಳ್ಳಿ" ಎನ್ನುವರು ಇನ್ನು ಕೆಲವರು. ಕಮಲಾಪುರಕ್ಕೆ ಹೊರಟೆನೆಂದರೆ ಮಾತ್ರ ಯಾರ ಮುಖವೂ ಅರಳುವುದಿಲ್ಲ. "ಅಲ್ಲೇನಿದೆ?" ಎಂಬ ಪ್ರಶ್ನೆಯೊಂದು ಬರುತ್ತದೆ, ಅಷ್ಟೆ. ಹಂಪೆಗೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಹಿಂದೆ ಬಿಟ್ಟುಬಿಡುವ ಊರು ಅದು. ಕಳೆದ ಶ್ರಾವಣದಲ್ಲಿ ನಾನು ಆ ಊರಿನಲ್ಲಿ ಒಂದು ಹಗಲನ್ನು ಕಳೆದೆ. ಅಲ್ಲೇನಿದೆ ಎಂದು ಈಗ ಯಾರಾದರೂ ಕೇಳಿದರೆ, "ಒಂದು ಕೆರೆಯಿದೆ, ಅದರ ಏರಿಯ ಮೇಲೆ ನಾನು ಒಂದು ಪಾಠ ಕಲಿತೆ" ಎಂದು ಹೇಳಬಲ್ಲೆ. ಪಾಠ ಹೇಳುವುದೇ ವೃತ್ತಿಯಾದವನು ಪಾಠ ಕಲಿತ ಪ್ರಸಂಗವಾದ್ದರಿಂದ ವಾಚಕರ ಮುಂದೆ ಇಡಲು ಕೊಂಚ ಸಂಕೋಚವಿದೆ, ಆದರೂ ಹೇಳುತ್ತೇನೆ.

ನಾನು ಹೊರಟದ್ದು ದೇವರಿಗಾಗಿಯೂ ಅಲ್ಲ, ಚಿತ್ರಕ್ಕಾಗಿಯೂ ಅಲ್ಲ, ಅಕ್ಕನ ಮಗಳಿಗಾಗಿ. ಮನೆಯಲ್ಲಿ ನಾವೆಲ್ಲ ಅವಳನ್ನು ಪುಟ್ಟಿ ಎನ್ನುತ್ತೇವೆ. ವಿಜ್ಞಾನ ಓದಬೇಕೆಂದು ಎಲ್ಲರೂ ಹೇಳುತ್ತಿದ್ದಾಗ ಹಟ ಹಿಡಿದು ಕನ್ನಡ ಎಂ.ಎ. ಮಾಡಿದವಳು. ಆ ಹಟಕ್ಕೆ ಸೋದರಮಾವನಾದ ನಾನೇ ಕಾರಣನೆಂಬ ಅಪವಾದ ಇಂದಿಗೂ ನನ್ನ ಮೇಲಿದೆ. ಎಂ.ಎ. ಆದಮೇಲೆ ನೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಆದರೆ ಸಂಶೋಧನ ವೇತನ ತರುವ ಜೆ.ಆರ್.ಎಫ್. ಕೆಲವೇ ಅಂಕಗಳಿಂದ ಕೈತಪ್ಪಿತು. ಪಿಎಚ್.ಡಿ.ಗೆಂದು ಮೂರು ಕಡೆ ಅರ್ಜಿ ಹಾಕಿದಳು: ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ, ಹಂಪೆಯ ಕನ್ನಡ ವಿಶ್ವವಿದ್ಯಾಲಯಕ್ಕೆ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ತೌಲನಿಕ ಸಾಹಿತ್ಯ ವಿಭಾಗಕ್ಕೆ. ಮೈಸೂರಿನಲ್ಲಿ ಮೊದಲು ಸೀಟು ದೊರೆಯಿತು; ಎರಡು ವಾರದಲ್ಲಿ ಹಂಪೆಯಲ್ಲಿಯೂ ದೊರೆಯಿತು. ಹೈದರಾಬಾದಿನ ಸಂದರ್ಶನ ಮುಗಿದಿತ್ತು, ಪಟ್ಟಿ ಹೊರಬಿದ್ದಿರಲಿಲ್ಲ. ಹಂಪೆಗೆ ಒಪ್ಪಿಗೆ ತಿಳಿಸಲು ಶನಿವಾರ ಕೊನೆಯ ದಿನ.

ಮನೆಯಲ್ಲಿ ಮೂರು ಪಕ್ಷಗಳಾದವು. ಅಕ್ಕನದು ಮೈಸೂರಿನ ಪಕ್ಷ. "ಮನೆಯಿಂದ ಅರ್ಧ ಗಂಟೆಯ ಬಸ್ಸು. ಊಟ ಕಟ್ಟಿಕೊಡುತ್ತೇನೆ. ಇದಕ್ಕಿಂತ ಇನ್ನೇನು ಬೇಕು?" ಭಾವನವರದು ಹೈದರಾಬಾದಿನ ಪಕ್ಷ, 'ಕೇಂದ್ರೀಯ' ಎಂಬ ಶಬ್ದದಲ್ಲಿ ಅವರಿಗೆ ವಿಶೇಷ ಗೌರವ. ಪುಟ್ಟಿಯದು ಯಾವ ಪಕ್ಷವೆಂದು ಯಾರೂ ಕೇಳಿರಲಿಲ್ಲ. ನನ್ನದು ಮಾತ್ರ ಚಾಣಕ್ಯಪಕ್ಷ. "ಮೂರನ್ನೂ ಕೈಯಲ್ಲಿಟ್ಟುಕೊ" ಎಂದೆ. "ಮೈಸೂರಿಗೆ ಹಣ ಕಟ್ಟಿಬಿಡು, ಹಂಪೆಗೂ ಕಟ್ಟು. ಹೈದರಾಬಾದಿನ ಪಟ್ಟಿ ಬಂದಮೇಲೆ ಬೇಡವಾದದ್ದನ್ನು ಬಿಟ್ಟರಾಯಿತು. ನಮ್ಮ ಗಂಟೇನು ಹೋಗುತ್ತದೆ?" ನನ್ನ ಮಾತಿನಂತೆ ಮೈಸೂರಿಗೆ ಹಣ ಕಟ್ಟಿಯೂ ಆಗಿತ್ತು. ಹಂಪೆಗೆ ಕಟ್ಟುವ ಮುನ್ನ ಅವಳು ಒಂದೇ ಒಂದು ಮಾತು ಹೇಳಿದಳು: "ಮಾವ, ಐದಾರು ವರ್ಷ ಇರಬೇಕಾದ ಜಾಗ. ಒಮ್ಮೆ ಕಣ್ಣಾರೆ ನೋಡಿ ಬರೋಣವೆ?" ಮದುವೆಗೆ ಮೊದಲು ಮನೆ ನೋಡಿ ಬರುವ ಸಂಪ್ರದಾಯ ನಮ್ಮಲ್ಲಿ ಉಂಟು, ಓದಿಗೆ ಮೊದಲು ನೋಡಿಬರುವ ಸಂಪ್ರದಾಯವೇಕಿಲ್ಲವೋ ತಿಳಿಯದು. ಬುಧವಾರ ಸಂಜೆ ಹಂಪೆ ಎಕ್ಸ್‌ಪ್ರೆಸ್ ಹತ್ತಿದೆವು.

ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದಾಗ ಆಕಾಶ ಮೋಡ ಕಟ್ಟಿತ್ತು. ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರವೆಂದು ನಾನು ಭೂಗೋಳದಲ್ಲಿ ಓದಿದ್ದ ಹೊಸಪೇಟೆ, 2021ರಿಂದ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣ. ಅಲ್ಲಿಂದ ಕಮಲಾಪುರಕ್ಕೆ ಸುಮಾರು 12 ಕಿಲೋಮೀಟರು. ಬಂಡೆಯ ಮೇಲೆ ಬಂಡೆಯನ್ನು ಯಾರೋ ಆಟಕ್ಕೆ ಇರಿಸಿ ಮರೆತು ಹೋದಂತೆ ಕಾಣುವ ಗುಡ್ಡಗಳು. ಅವುಗಳ ಕಾಲ ಬಳಿಯಲ್ಲಿ, ನಂಬಲಾಗದಷ್ಟು ಹಸುರಾದ ಬಾಳೆಯ ತೋಟ, ಕಬ್ಬು, ನಾಟಿಯಾಗುತ್ತಿದ್ದ ಬತ್ತದ ಗದ್ದೆ. ಈ ಕಲ್ಲುನಾಡಿಗೆ ಇಷ್ಟು ಹಸುರು ಎಲ್ಲಿಂದ ಬಂತೆಂದು ಪುಟ್ಟಿ ಕೇಳಿದಳು. ತುಂಗಭದ್ರೆಯಿಂದ ಬಂತು. ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಸಿದ್ಧವಾದದ್ದು 1953ರಲ್ಲಿ. ಆದರೆ ಅದಕ್ಕೂ ನೂರಾರು ವರ್ಷ ಮೊದಲೇ ವಿಜಯನಗರದವರು ಕಾಲುವೆಗಳನ್ನು ತೆಗೆದು ನೀರನ್ನು ಹರಿಸಿದ್ದರು. ಅವುಗಳಲ್ಲಿ ಹಲವು ಇಂದಿಗೂ ಹರಿಯುತ್ತಿವೆ. ಸಿಂಹಾಸನ ಹೋಯಿತು, ಅರಮನೆ ಹೋಯಿತು. ಕಾಲುವೆ ಮಾತ್ರ ತನ್ನ ಕೆಲಸವನ್ನು ಬಿಡಲಿಲ್ಲ.

ಕಮಲಾಪುರದಲ್ಲಿ ಇಡ್ಲಿ ತಿಂದು ಮೊದಲು ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅದಕ್ಕೆ ಶುಕ್ರವಾರ ರಜೆ; ನಾವು ಹೋದದ್ದು ಗುರುವಾರ. ಒಳಗೆ ಕಾಲಿಡುತ್ತಲೇ ಕೃಷ್ಣದೇವರಾಯನೂ ಅವನ ಇಬ್ಬರು ಅರಸಿಯರೂ ಕೈಮುಗಿದು ನಿಂತಿದ್ದಾರೆ. ನಡುವಣ ಅಂಗಳದಲ್ಲಿ ಹಂಪೆಯ ಕಣಿವೆಯೆಲ್ಲವನ್ನೂ ಕಿರಿದಾಗಿಸಿ ಮಾಡಿಟ್ಟ ಒಂದು ಪ್ರತಿಕೃತಿ ಇದೆ. ಹಂಪೆಯನ್ನು ನೋಡುವವರು ಮೊದಲು ಇದನ್ನು ನೋಡುವುದು ಒಳ್ಳೆಯದು. ಬಿಡಿಬಿಡಿಯಾಗಿ ಕಾಣುವ ಗುಡಿ, ಕೋಟೆ, ಬೀದಿಗಳೆಲ್ಲ ಒಂದೇ ಊರಿನ ಅಂಗಗಳೆಂದು ಆಗ ಮನಸ್ಸಿಗೆ ನಾಟುತ್ತದೆ. ಎಲ್ಲರೂ ವಿಠ್ಠಲನ ಗುಡಿಯನ್ನು ಹುಡುಕುತ್ತಿದ್ದಾಗ ಪುಟ್ಟಿ ಮಾತ್ರ ಬೆರಳಿಟ್ಟು ಕೆರೆಗಳನ್ನು ಹುಡುಕುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಅವಳು ಆರಿಸಿಕೊಂಡಿದ್ದ ವಿಷಯವೇ ಕೆರೆ: ಈ ಸೀಮೆಯ ಕೆರೆಗಳ ಬಗೆಗೆ ಜನ ಹೇಳುವ ಕಥೆ, ಹಾಡುವ ಹಾಡು. ಕಟ್ಟಿದ ಕೆರೆಗೆ ನೀರು ಬಾರದೆ ಮನೆಯ ಕಿರಿಯ ಸೊಸೆಯನ್ನು ಹಾರವಾಗಿ ಕೊಟ್ಟ 'ಕೆರೆಗೆ ಹಾರ'ದ ಭಾಗೀರಥಿಯ ಹಾಡನ್ನು ಕನ್ನಡ ಓದಿದವರೆಲ್ಲ ಬಲ್ಲರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯನು ಕಟ್ಟಿಸುತ್ತಿದ್ದ ಒಂದು ದೊಡ್ಡ ಕೆರೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹತ್ತಾರು ಸಾವಿರ ಆಳುಗಳು ಇರುವೆಗಳಂತೆ ಕೆಲಸ ಮಾಡುತ್ತಿದ್ದರಂತೆ. ಏರಿ ಮತ್ತೆ ಮತ್ತೆ ಒಡೆದಾಗ ಮನುಷ್ಯರನ್ನೂ ಪ್ರಾಣಿಗಳನ್ನೂ ಬಲಿಕೊಟ್ಟರಂತೆ. ಆ ಕೆರೆ ಹೊಸಪೇಟೆಯ ಬಳಿಯದೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಪರದೇಶದವನ ಬರಹ ಒಂದು ಕಡೆ, ನಮ್ಮ ಹೆಂಗಸರ ಹಾಡು ಇನ್ನೊಂದು ಕಡೆ. ಇವೆರಡರ ನಡುವೆ ತಾನು ನಡೆಯಬೇಕೆಂದು ಅವಳ ಆಸೆ.

"ಆ ಹಾಡಿನಲ್ಲಿ ನನಗೆ ಯಾವಾಗಲೂ ಒಂದು ಸಂಗತಿ ಚುಚ್ಚುತ್ತದೆ, ಮಾವ" ಎಂದಳು ಪ್ರತಿಕೃತಿಯಿಂದ ಕಣ್ಣೆತ್ತದೆಯೇ. "ಯಾರನ್ನು ಕೊಡಬೇಕೆಂದು ಹಿರಿಯರೆಲ್ಲ ಕೂತು ಮಾತಾಡುತ್ತಾರೆ. ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ."

ಅವಳು ಹಾಡಿನ ವಿಷಯವನ್ನಷ್ಟೇ ಹೇಳಿದಳೆಂದು ಆಗ ನಾನು ತಿಳಿದೆ.

ಅಲ್ಲಿಂದ ಆಟೊ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದೆವು. ಕನ್ನಡಕ್ಕೆಂದೇ ಒಂದು ವಿಶ್ವವಿದ್ಯಾಲಯ ಬೇಕೆಂಬ ಬಹುಕಾಲದ ಹಂಬಲ ಕೈಗೂಡಿದ್ದು 1991ರಲ್ಲಿ. ಕವಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳು. ಆವರಣಕ್ಕೆ ವಿದ್ಯಾರಣ್ಯವೆಂದು ಹೆಸರು. ಬಂಡೆಗಳ ನಡುವೆ, ಅಲ್ಲಿನ ಕಲ್ಲಿನಿಂದಲೇ ಎತ್ತಿದ ಕಟ್ಟಡಗಳು. ಹಂಪೆಯ ಮಂಟಪಗಳ ನೆನಪು ತರುವ ಕಂಬಗಳು. ಕಟ್ಟಡಗಳಿಗೂ ಕನ್ನಡದ ಹೆಸರು: ಗ್ರಂಥಾಲಯ 'ಅಕ್ಷರ', ಆಡಳಿತ ಕಚೇರಿ 'ಕ್ರಿಯಾಶಕ್ತಿ'. ಘಟಿಕೋತ್ಸವಕ್ಕೆ 'ನುಡಿಹಬ್ಬ'ವೆಂದು ಕರೆಯುತ್ತಾರೆ. ಬೇರೆ ವಿಶ್ವವಿದ್ಯಾಲಯಗಳಿಗಿರುವಂತೆ ಇದಕ್ಕೆ ನೂರಾರು ಕಾಲೇಜುಗಳ ಪರೀಕ್ಷೆಯ ಹೊರೆಯಿಲ್ಲ. ಸಂಶೋಧನೆಯೇ ಇದರ ಮುಖ್ಯ ಕಸುಬು. ಮುಂದೆ ಇಲ್ಲಿಯ ಕುಲಪತಿಗಳೂ ಆದ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದು ಈ ವಿಶ್ವವಿದ್ಯಾಲಯದ ಪ್ರಸಾರಾಂಗವೇ. ಊರೂರಿನ ಹಳೆಯ ವೃತ್ತಾಂತಗಳಿರುವ ಆ ಪುಸ್ತಕ ಪುಟ್ಟಿಯ ಕೆಲಸಕ್ಕೆ ಪಂಚಾಂಗವಿದ್ದಂತೆ.

ಗ್ರಂಥಾಲಯದ ಹೊರಗೆ, ಪ್ರಬಂಧ ಬರೆದು ಮುಗಿಸುವ ಹಂತದಲ್ಲಿದ್ದ ಒಬ್ಬ ಹುಡುಗಿಯ ಪರಿಚಯವಾಯಿತು. ಚಹಾ ಕುಡಿಯುತ್ತ ಅವಳು ಪುಟ್ಟಿಗೆ ಹೇಳಿದ ಮಾತುಗಳು ನಾನು ನನ್ನ ವಿದ್ಯಾರ್ಥಿಗಳಿಗೆ ಇದುವರೆಗೆ ಹೇಳದಿದ್ದ ಮಾತುಗಳು. "ಅಕ್ಕಾ, ವಿಶ್ವವಿದ್ಯಾಲಯದ ಹೆಸರು ಆಮೇಲೆ ನೋಡ್ರಿ, ಮೊದಲು ಮಾರ್ಗದರ್ಶಕರನ್ನು ನೋಡ್ರಿ. ಅವರ ಕೈಕೆಳಗೆ ಎಷ್ಟು ಮಂದಿ ಇದ್ದಾರ, ನಿವೃತ್ತಿ ಯಾವಾಗ, ನಿಮ್ಮ ವಿಷಯ ನಿಮಗೇ ಬಿಡ್ತಾರೋ ತಮ್ಮ ವಿಷಯ ಕೊಡ್ತಾರೋ, ಕೇಳ್ರಿ. ಇದು ಇಲ್ಲಿಗಷ್ಟೇ ಅಲ್ಲ, ಎಲ್ಲಿ ಹೋದ್ರೂ ಕೇಳಬೇಕು. ವೇತನ ಎಷ್ಟು ಅಂತ ಎಲ್ಲಾರೂ ಕೇಳ್ತಾರ; ಯಾವ ತಾರೀಖಿಗೆ ಕೈಗೆ ಬರ್ತದ ಅಂತ ಯಾರೂ ಕೇಳಂಗಿಲ್ಲ."

ಮನೆಗೆ ಬಂದಮೇಲೆ ನಾನು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯನ್ನು ತೆಗೆದು ನೋಡಿದೆ. ಆ ಹುಡುಗಿಯ ಒಂದೊಂದು ಪ್ರಶ್ನೆಗೂ ಅಲ್ಲಿ ಆಧಾರವಿದೆ. ಪ್ರಾಧ್ಯಾಪಕರೊಬ್ಬರು ಒಂದು ಕಾಲಕ್ಕೆ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷದ ರಿಯಾಯಿತಿ ದೊರೆಯಬಹುದು. ಅಂದರೆ ಒಬ್ಬೊಬ್ಬ ಗುರುವಿನ ಬಳಿಯೂ ಇರುವುದು ಎಣಿಕೆಯ ಸೀಟುಗಳು. ಒಂದು ತೆರವಾಗಲು ಮೂರರಿಂದ ಆರು ವರ್ಷ. ಈ ಲೆಕ್ಕದ ಅರ್ಥ ನನಗೆ ಹೊಳೆದದ್ದು ಆಮೇಲೆ, ಕೆರೆಯ ಬಳಿಯಲ್ಲಿ.

ಹಣದ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಜೆ.ಆರ್.ಎಫ್. ದೊರೆತವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಗೊತ್ತಾಗಿದೆ. ಅದು ದೊರೆತಿದ್ದರೆ ಪುಟ್ಟಿ ಎಲ್ಲಿದ್ದರೂ ರಾಣಿ. ಅದಿಲ್ಲದವರಿಗೂ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000 ರೂಪಾಯಿಯ ವ್ಯವಸ್ಥೆಯುಂಟು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಕಡೆ ಒಂದೊಂದು ಬಗೆ. ಆದ್ದರಿಂದ ಭಾವನವರ ಪಕ್ಷವನ್ನು ಬರಿಯ ವ್ಯಾಮೋಹವೆಂದು ತಳ್ಳಿಹಾಕುವಂತಿರಲಿಲ್ಲ. ಮೇಲಾಗಿ ದೂರ ಹೋದವರಿಗೆ ಬರುವ ಕಣ್ಣೇ ಬೇರೆ. ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಇಂಗ್ಲಿಷ್ ಕಾದಂಬರಿಗಳನ್ನು ಕುರಿತು ಸಂಶೋಧನೆ ಮಾಡುವುದಕ್ಕೆ. ಅಲ್ಲಿ ಕುಳಿತು ಅವರು ಬರೆದದ್ದು ಮಲೆನಾಡಿನ ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು. ಊರನ್ನು ಕಾಣಲು ಕೆಲವರು ಊರು ಬಿಡಬೇಕಾಗುತ್ತದೆ. ಕೆಲವರು ಊರಿನ ನಡುವೆಯೇ ಕೂರಬೇಕಾಗುತ್ತದೆ. ತಾನು ಯಾವ ಗುಂಪಿನವಳೆಂಬುದನ್ನು ಅವರವರೇ ಹೇಳಬೇಕು.

ಮಾರ್ಗದರ್ಶಕರಾಗಲಿದ್ದ ಅಧ್ಯಾಪಕರನ್ನು ಅರ್ಧ ಗಂಟೆ ಕಂಡು ಬಂದ ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಹಿಂದಿರುಗುವಾಗ ಕಂಪ್ಲಿಯ ರಸ್ತೆಗೆ ತಿರುಗಿ ಗಾಣಗಿತ್ತಿ ಬಸದಿಯ ಮುಂದೆ ಆಟೊ ನಿಲ್ಲಿಸಿದೆವು. ಎರಡನೆಯ ಹರಿಹರನ ಜೈನ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ್ದೆಂದು ದೀಪಸ್ತಂಭದ ಮೇಲಿನ ಶಾಸನ ಹೇಳುತ್ತದೆ. ಜನ ಮಾತ್ರ ಅದನ್ನು ಎಣ್ಣೆಯ ಗಾಣದವಳ ಹೆಸರಿನಿಂದ ಕರೆಯುತ್ತಾರೆ. "ಕಲ್ಲು ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ನನಗೆ ಎರಡೂ ಬೇಕು" ಎಂದಳು. ಆಗಲೇ ಅವಳ ಮನಸ್ಸು ಯಾವ ಕಡೆ ವಾಲಿದೆಯೆಂದು ನಾನು ಅರಿಯಬೇಕಾಗಿತ್ತು.

ರೈಲು ರಾತ್ರಿಗೆ. ಸಂಜೆಯ ಹೊತ್ತಿಗೆ ಕಮಲಾಪುರದ ಕೆರೆಗೆ ಹೋದೆವು. ವಿಜಯನಗರದ ಕಾಲದ ಕೆರೆ. ಕಾಲುವೆಯಿಂದ ಬಂದ ನೀರು ಇಲ್ಲಿ ನಿಂತು, ಒಂದು ಕಾಲದಲ್ಲಿ ಕೊಳವೆಗಳ ಮೂಲಕ ಅರಮನೆಯ ಆವರಣಕ್ಕೆ ಹರಿಯುತ್ತಿತ್ತು. ಇಂದು ಗದ್ದೆಗೂ ತೋಟಕ್ಕೂ ಹರಿಯುತ್ತದೆ. ಏರಿಯ ಒಂದು ಬದಿಯಲ್ಲಿ ವಿಸ್ತಾರವಾದ ನೀರು, ಅದರಲ್ಲಿ ಮೋಡದ ನೆರಳು. ಇನ್ನೊಂದು ಬದಿಯಲ್ಲಿ ಕೆಳಗೆ, ಬಹು ಕೆಳಗೆ, ಚೌಕ ಚೌಕವಾದ ಗದ್ದೆ. ನಡುವೆ ಮಣ್ಣುಕಲ್ಲಿನ ಒಂದು ಏರಿ, ಅದರಲ್ಲಿ ಒಂದು ತೂಬು.

ಏರಿಯ ಮೇಲೆ ಮುದುಕರೊಬ್ಬರು ಕುಳಿತಿದ್ದರು. ಹೆಗಲ ಮೇಲೆ ಟವಲು, ಪಕ್ಕದಲ್ಲಿ ಸಲಿಕೆ. "ಎಲ್ಲಿಂದ ಬಂದೀರ್ರೀ?" ಎಂದರು. ಮೈಸೂರಿನ ಕಡೆಯೆಂದೆವು. "ಕೆರೀ ನೋಡಾಕ ಯಾರೂ ಬರಂಗಿಲ್ರಿ. ಎಲ್ಲಾರೂ ಗುಡಿಗೆ ಹೋಗ್ತಾರ" ಎಂದು ನಕ್ಕರು. ನಮ್ಮೂರ ಕಡೆ ನೀರು ಹಂಚುವವನನ್ನು ನೀರುಗಂಟಿ ಎನ್ನುತ್ತೇವೆ. ಅವರ ಗದ್ದೆಯ ನೀರಿನ ಸರದಿಯ ಬಗೆಗೆ ಪುಟ್ಟಿ ಒಂದೊಂದಾಗಿ ಕೇಳುತ್ತ ಹೋದಳು. ಕೊನೆಗೆ, "ಮೇಲಿನ ಗದ್ದೆಯವರು ನೀರು ಹಿಡಿದಿಟ್ಟರೆ ಏನು ಮಾಡುತ್ತೀರಿ, ಅಜ್ಜಾ?" ಎಂದಳು.

"ಜಗಳಾಡ್ತೀವಿ, ಮತ್ತೇನು!" ಎಂದು ಅವರು ಗಟ್ಟಿಯಾಗಿ ನಕ್ಕು, ಆಮೇಲೆ ನಗುವನ್ನು ನಿಲ್ಲಿಸಿ ಹೇಳಿದರು: "ನೀರು ಕದ್ದವನ ಮ್ಯಾಲ ನನಗ ಅಷ್ಟು ಸಿಟ್ಟಿಲ್ಲವ್ವ. ಅವನ ಪೈರಿಗೆ ಬೇಕಾಗಿತ್ತು, ಕದ್ದ. ತನ್ನ ಗದ್ದಿ ತುಂಬಿ ಬದು ಮುಳುಗಿದ ಮ್ಯಾಲೂ, ಇರ್ಲಿ, ನಾಳಿಗೆ ಬೇಕಾದೀತು ಅಂತ ನೀರು ತಡದು ಕುಂದರ್ತಾನಲ್ಲ, ಅವನ ಮ್ಯಾಲ ಸಿಟ್ಟು. ಎಂಟು ದಿನ ಬಿಟ್ಟು ತಾನೇ ನೀರು ಬಿಡ್ತಾನ. ಅಷ್ಟೊತ್ತಿಗೆ ಕೆಳಗಿನವನ ಸಸಿ ಒಣಗಿರ್ತಾವ. ಒಣಗಿದ ಮ್ಯಾಲ ಬಿಟ್ಟ ನೀರು ಬಿಟ್ಟಂಗಲ್ಲ, ಚೆಲ್ಲಿದಂಗ."

ಸಲಿಕೆ ಎತ್ತಿಕೊಂಡು ಅವರು ಇಳಿದು ಹೋದರು. ನಾನು ಮಾತ್ರ ಅಲ್ಲಿಯೇ ಕುಳಿತೆ. ಹನ್ನೆರಡು ವರ್ಷಗಳಿಂದ ನಾನು ಯಾರೊಡನೆಯೂ ಆಡದೆ ಇದ್ದ ಒಂದು ಸಂಗತಿ ಗಂಟಲಿಗೆ ಬಂದಿತ್ತು.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಪಿಎಚ್.ಡಿ.ಗೆಂದು ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ಸೀಟುಗಳು ಐದು, ಕಾಯುವ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದು. ಐವರಲ್ಲಿ ಒಬ್ಬರು ಬಿಟ್ಟರೆ ನನಗೆ. ವಾರವಾರವೂ ಬಸ್ಸಿನಲ್ಲಿ ಹೋಗಿ ಸೂಚನಾ ಫಲಕದ ಮುಂದೆ ನಿಲ್ಲುತ್ತಿದ್ದೆ. "ಐವರೂ ಹಣ ಕಟ್ಟಿದ್ದಾರೆ" ಎನ್ನುತ್ತಿದ್ದರು. ಕೊನೆಯ ದಿನ ಕಳೆಯಿತು. ದಸರೆಯ ಹೊತ್ತಿಗೆ ತಿಳಿಯಿತು, ಐವರಲ್ಲಿ ಒಬ್ಬನು ತಿಂಗಳುಗಳ ಹಿಂದೆಯೇ ಬೇರೆ ಕಡೆ ಸೇರಿಬಿಟ್ಟಿದ್ದ. ಇಲ್ಲಿಗೆ ಒಂದು ಸಾಲು ಬರೆದಿರಲಿಲ್ಲ. ಸೀಟು ಆ ವರ್ಷ ಖಾಲಿಯೇ ಉಳಿಯಿತು. ಆ ವರ್ಷವೇ ತಂದೆಯವರು ನಿವೃತ್ತರಾದರು. ನಾನು ಕಾಲೇಜಿನ ಕೆಲಸ ಹಿಡಿದೆ. ಮುಂದಿನ ವರ್ಷ ನೋಡೋಣ ಎಂದುಕೊಂಡ ಮುಂದಿನ ವರ್ಷ ಇನ್ನೂ ಬಂದಿಲ್ಲ. ಅವನು ಕೆಟ್ಟವನೆಂದು ನಾನು ಹೇಳಲಾರೆ. ಅವನಿಗೂ ಯಾರೋ ಒಬ್ಬ ಬುದ್ಧಿವಂತ ಮಾವನಿದ್ದಿರಬೇಕು.

ಪುಟ್ಟಿ ಎಲ್ಲವನ್ನೂ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಆದರೂ ಮೂರನ್ನೂ ಇಟ್ಟುಕೊ ಎಂದಿರಲ್ಲ, ಮಾವ?"

ಉತ್ತರವಿರಲಿಲ್ಲ. ಪೆಟ್ಟು ತಿಂದವನು ಪೆಟ್ಟು ಕೊಡುವುದಿಲ್ಲವೆಂದು ನಾವು ತಿಳಿಯುತ್ತೇವೆ. ತನ್ನವರ ವಿಷಯ ಬಂದಾಗ ಅವನೂ ಮೇಲಿನ ಗದ್ದೆಯವನೇ ಆಗುತ್ತಾನೆ.

ಈ ವಿಷಯದಲ್ಲಿ ಅಮೆರಿಕದವರು ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರ ಮಗ ಅಲ್ಲಿಗೆ ಹೋಗುವಾಗ ತಿಳಿದದ್ದು. ಅಲ್ಲಿಯ ಉನ್ನತ ವ್ಯಾಸಂಗ ಸಂಸ್ಥೆಗಳ ಮಂಡಳಿಯೊಂದು ನಿರ್ಣಯ ಮಾಡಿದೆ. ಅದಕ್ಕೆ ಒಪ್ಪಿದ ವಿಶ್ವವಿದ್ಯಾಲಯಗಳು ವೇತನಸಹಿತ ಸೀಟು ಕೊಟ್ಟಾಗ, ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಎಲ್ಲ ಕಡೆಯ ಉತ್ತರಗಳನ್ನೂ ಒಟ್ಟಿಗೆ ಇಟ್ಟು ಯೋಚಿಸಲು ಹುಡುಗರಿಗೆ ಕಾಲಾವಕಾಶ. ಆ ದಿನದ ಆಚೆಗೆ ಯಾರೂ ಸುಮ್ಮನೆ ಹಿಡಿದಿಡದಂತೆ ಒಂದು ಗಡಿ. ನಮ್ಮಲ್ಲಿ ಪಿಎಚ್.ಡಿ.ಗೆ ಅಂಥ ಸಮಾನ ದಿನವಿಲ್ಲ. ಒಂದು ಕಡೆಯ ಕೊನೆಯ ದಿನ ಇನ್ನೊಂದು ಕಡೆಯ ಫಲಿತಾಂಶಕ್ಕೆ ಮೊದಲೇ ಬರುತ್ತದೆ. ಹುಡುಗರು ಹಿಡಿದಿಡುವುದಕ್ಕೆ ಇದೂ ಒಂದು ಕಾರಣ. ತಪ್ಪೆಲ್ಲವೂ ಅವರದೇ ಅಲ್ಲ.

ಆದರೆ ಬಿಡಲು ಬಯಸುವವರಿಗೆ ದಾರಿಯಿದೆಯೆಂಬುದನ್ನು ಹಲವರು ಅರಿಯರು. ಆಯೋಗ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟವರಿಗೆ ಅಲ್ಪ ಕಚೇರಿ ವೆಚ್ಚವನ್ನು ಕಳೆದು ಶುಲ್ಕವೆಲ್ಲ ಹಿಂದಕ್ಕೆ ಬರಬೇಕು. ಅದರಿಂದಾಚೆಗೆ, ಕೊನೆಯ ದಿನದೊಳಗೆ ಬಿಟ್ಟರೆ ನೂರಕ್ಕೆ 90. ಆ ದಿನ ಕಳೆದು 15 ದಿನದೊಳಗೆ 80. 30 ದಿನದೊಳಗೆ 50. ಅನಂತರ ಏನೂ ಇಲ್ಲ. ಕೆಲವು ವರ್ಷ ಆಯೋಗ ಬೇರೆ ದಿನಾಂಕಗಳನ್ನು ಗೊತ್ತುಮಾಡಿದ್ದೂ ಉಂಟು. ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅದೇ ಅಧಿಸೂಚನೆಯಲ್ಲಿದೆ. ಬೇಗ ಬಿಟ್ಟವನಿಗೆ ಹಣವೂ ಉಳಿಯುತ್ತದೆ, ಪುಣ್ಯವೂ ಬರುತ್ತದೆ.

ಏರಿಯ ಮೇಲೆ ಕುಳಿತೇ ಪುಟ್ಟಿ ಫೋನು ತೆಗೆದಳು. "ಮೈಸೂರಿಗೆ ನಾನು ಹೋಗುವುದಿಲ್ಲ, ಮಾವ. ಅದು ಒಳ್ಳೆಯ ಜಾಗವಲ್ಲವೆಂದಲ್ಲ. ನಾನು ಕೇಳಬೇಕಾದ ಹಾಡು ಅಲ್ಲಿಲ್ಲ, ಈ ಗದ್ದೆಗಳಲ್ಲಿದೆ." ನಾಲ್ಕೇ ಸಾಲು ಬರೆದಳು: ಸೀಟು ಕೊಟ್ಟದ್ದಕ್ಕೆ ಕೃತಜ್ಞತೆ, ಬೇರೆಡೆ ಸೇರಲು ನಿರ್ಧರಿಸಿದ್ದೇನೆ, ಈ ಸ್ಥಾನವನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಡಬೇಕೆಂದು ಕೋರಿಕೆ, ಶುಲ್ಕದ ವಾಪಸಾತಿಗೆ ಅರ್ಜಿ ಕಳಿಸುತ್ತೇನೆ. ಇ-ಮೇಲ್ ಹೋಯಿತು. ಕೂಡಲೇ ಅಕ್ಕನಿಗೂ ಫೋನು ಮಾಡಿ ಹೇಳಿದಳು. ಆ ಸಂಭಾಷಣೆಯ ವಿವರ ಇಲ್ಲಿ ಬೇಡ; ಸೋದರಮಾವನ ಹೆಸರು ಅದರಲ್ಲಿ ಹಲವು ಸಲ ಬಂತೆಂದಷ್ಟೇ ಹೇಳಿದರೆ ಸಾಕು.

ಉಳಿದದ್ದು ಹೈದರಾಬಾದು. ಬಾರದ ಉತ್ತರವನ್ನು ಬಿಡುವುದು ಬಂದ ಉತ್ತರವನ್ನು ಬಿಡುವುದಕ್ಕಿಂತ ಕಷ್ಟ. ಕೈಯಲ್ಲಿರುವುದಕ್ಕೆ ಒಂದು ಅಳತೆಯುಂಟು. ಬಾರದಿರುವುದು ಎಷ್ಟು ದೊಡ್ಡದಾಗಿ ಬೇಕಾದರೂ ಕಾಣುತ್ತದೆ. ಈ ಸಲ ನಾನು ಬುದ್ಧಿ ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದೆ: "ನಾಳೆ ಅಲ್ಲಿಂದ ಕರೆ ಬಂದರೆ ಹೋಗುವೆಯಾ?"

ಅವಳು ನೀರನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು. "ಆಸೆಯಿಲ್ಲವೆಂದರೆ ಸುಳ್ಳಾದೀತು. ಆ ಊರು, ಆ ವೇತನ, ನಾಲ್ಕಾರು ಭಾಷೆಯ ಜನ... ಯೋಚಿಸಬೇಕು, ಮಾವ." ನಾನು ಮತ್ತೆ ಕೇಳಲಿಲ್ಲ. ರಾತ್ರಿ ರೈಲು ಹತ್ತಿ ಮಲಗಿದೆವು. ನಡುರಾತ್ರಿ ಎಚ್ಚರವಾದಾಗ ಎದುರಿನ ಬರ್ತಿನಲ್ಲಿ ಫೋನಿನ ಬೆಳಕು ಕಾಣಿಸಿತು. ಬೆಳಿಗ್ಗೆ ಬೆಂಗಳೂರು ದಾಟಿದ ಮೇಲೆ ಅವಳೇ ಹೇಳಿದಳು: "ಹಂಪೆಗೆ ಒಪ್ಪಿಗೆ ಬರೆದೆ. ಹೈದರಾಬಾದಿನ ಅರ್ಜಿಯನ್ನೂ ಹಿಂತೆಗೆದುಕೊಂಡೆ. ಇಲ್ಲಿ ಹಣ ಕಟ್ಟಿ ಅಲ್ಲಿಗೆ ಕಾಯುತ್ತ ಕೂತರೆ, ನಿಮ್ಮ ಆ ಐದನೆಯವನಿಗೂ ನನಗೂ ಏನು ಭೇದ?" ಕಣ್ಣು ಕೆಂಪಾಗಿತ್ತು. ನಿದ್ದೆಗೆಟ್ಟದ್ದಕ್ಕೋ ಅತ್ತದ್ದಕ್ಕೋ ನಾನು ಕೇಳಲಿಲ್ಲ. ವೇತನಕ್ಕಾಗಿ ಮತ್ತೆ ಜೆ.ಆರ್.ಎಫ್. ಪರೀಕ್ಷೆಗೆ ಕೂರುತ್ತಾಳಂತೆ. ಅದಕ್ಕೆ ವಯಸ್ಸಿನ ಮಿತಿ 30; ಹೆಣ್ಣುಮಕ್ಕಳಿಗೆ ಇನ್ನೂ 5 ವರ್ಷದ ರಿಯಾಯಿತಿಯುಂಟು. ಕಾಲವಿದೆ.

ಪುಟ್ಟಿ ಈಗ ಕಮಲಾಪುರದ ಕಡೆಯವಳೇ ಆಗಿದ್ದಾಳೆ. ಮೊನ್ನೆ ಫೋನಿನಲ್ಲಿ ಒಬ್ಬ ಅಜ್ಜಿಯಿಂದ ಕೆರೆಯ ಹಾಡೊಂದು ಸಿಕ್ಕಿತೆಂದು ಕುಣಿದಾಡಿದಳು. ಹೈದರಾಬಾದಿನ ಪಟ್ಟಿಯಲ್ಲಿ ಅವಳ ಹೆಸರು ಇರುತ್ತಿತ್ತೋ ಇಲ್ಲವೋ ನಮಗೆ ತಿಳಿಯದು. ಮೈಸೂರಿನ ಆ ಸೀಟು ಯಾರಿಗೆ ಹೋಯಿತೆಂಬುದೂ ತಿಳಿಯದು. ತಿಳಿಯಬೇಕಾಗಿಯೂ ಇಲ್ಲ. ತೂಬು ಎತ್ತಿದವನು ನೀರು ಯಾವ ಗದ್ದೆಯನ್ನು ಸೇರಿತೆಂದು ಹಿಂಬಾಲಿಸಿಕೊಂಡು ಹೋಗುವುದಿಲ್ಲ. ವೇಳೆಗೆ ಎತ್ತಿದೆನೇ ಎಂಬುದಷ್ಟೇ ಅವನ ಲೆಕ್ಕ.

ನಿಯಮಾವಳಿಯನ್ನು ಓದುವಾಗ ನನಗೆ ಇನ್ನೊಂದು ಅಂಶವೂ ಕಣ್ಣಿಗೆ ಬಿತ್ತು. ಕೆಲಸದಲ್ಲಿರುವವರು ತಮ್ಮ ಸಂಸ್ಥೆಯ ನಿರಾಕ್ಷೇಪಣ ಪತ್ರ ಪಡೆದು ಅರೆಕಾಲಿಕವಾಗಿಯೂ ಪಿಎಚ್.ಡಿ. ಮಾಡಬಹುದು. ಪ್ರಾಂಶುಪಾಲರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. "ಎಷ್ಟು ಕಡೆ ಹಾಕುತ್ತೀರಿ, ಮಾವ?" ಎಂದು ಪುಟ್ಟಿ ತಮಾಷೆ ಮಾಡಿದಳು.

ಒಂದೇ ಕಡೆ ಎಂದೆ.